ಗೋಲ್‌ಕೀಪರ್ ಅಂತೋಣಪ್ಪನ ಕಾರ್ಡು ತಂದ ಬೈಲಪ್ಪ

ಪೆದ್ದರಿಗೆ ಯಾವ ಊರಲ್ಲೂ ಬರವಿಲ್ಲ. ಆದರೆ ತಿಪಟೂರಿನ ಗಾಣದ ಬೀದಿಯ ಬೈಲಪ್ಪನಂಥ ಪೆದ್ದ ಹುಟ್ಟಬೇಕಾದರೆ ಊರು ಪುಣ್ಯ ಮಾಡಿರಬೇಕು, ಹೆತ್ತವಳು ಪಾಪ ಮಾಡಿರಬೇಕು. ಊರಿಗೆ ಪುಕ್ಕಟೆ ನಗು ಸಿಕ್ಕಿತು. ಹೆತ್ತವಳಿಗೆ ಬೈಲಪ್ಪ ಸಿಕ್ಕಿದ.

ಹೆತ್ತವಳ ಹೆಸರು ಗಂಗಹನುಮಕ್ಕ. ಗಂಡ ಸತ್ತ ಮೇಲೆ ಅವನು ಬಿಟ್ಟುಹೋದ ಹಿಟ್ಟಿನ ಮಿಷಿನ್ನು ನಡೆಸಿಕೊಂಡು, ಊರವರ ರಾಗಿ ಬೀಸಿ, ಊರವರ ಮೆಣಸಿನಕಾಯಿ ಘಾಟಿಗೆ ಸೀನಿ, ಮಗನನ್ನು ಆಳೆತ್ತರ ಬೆಳೆಸಿದಳು. ಬೆಳೆದದ್ದು ಆಳು ಮಾತ್ರ. ಒಂದು ದಿನ ನೀರು ತರಲು ಹೊರಟವಳು, ಮಿಷಿನ್ನಿನ ಮೇಲೆ ಒಂದು ಕಣ್ಣಿಟ್ಟಿರು ಅಂತ ಹೇಳಿಹೋದಳು. ಕೊಡ ಹೊತ್ತು ಬಂದು ನೋಡಿದರೆ ಬೈಲಪ್ಪ ಮಿಷಿನ್ನಿನ ಮೇಲೆ ಬಾಗಿ, ಒಂದು ಕಣ್ಣನ್ನು ಅದರ ಮರದ ಬಾಯಿಗೆ ಒತ್ತಿಕೊಂಡು, ಇನ್ನೊಂದನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದ. ಒತ್ತಿದ ಕಣ್ಣಿನ ತುಂಬ ರಾಗಿಹಿಟ್ಟು. ಅತ್ತ ಯಾರೋ ಅರ್ಧ ಮೂಟೆ ಗೋಧಿ ಹೊತ್ತುಕೊಂಡು ಹೋಗಿದ್ದರು.

"ನಿನ್ನ ತಲೇಲಿರೋದು ಮಿದುಳಲ್ಲ ಕಣೋ, ಬೂಸ" ಅಂದಳು ಗಂಗಹನುಮಕ್ಕ.

"ನೀನೇ ಅಂದ್ಯಲ್ಲವ್ವ, ಒಂದು ಕಣ್ಣು ಇಡು ಅಂತ. ಎರಡೂ ಇಡು ಅಂದಿದ್ರೆ ಎರಡೂ ಇಡ್ತಿದ್ದೆ."

ಇಂಥವನಿಗೂ ಮದುವೆ ಆಗಬೇಕಲ್ಲ. ತಿಪಟೂರಿನವರು ಯಾರೂ ಹೆಣ್ಣು ಕೊಡಲಿಲ್ಲ, ಅವರಿಗೆ ಬೈಲಪ್ಪ ಗೊತ್ತಿದ್ದ. ಕೊನೆಗೆ ಗುಬ್ಬಿಯಿಂದ ಒಂದು ಸಂಬಂಧ ಕೂಡಿಬರುವ ಹಾಗೆ ಕಂಡಿತು. ಹುಡುಗಿಯ ಹೆಸರು ವನಮಾಲ. ಅವಳಪ್ಪ ಚಿಕ್ಕರಂಗಯ್ಯ, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತಿಯಾದವರು. ಹುಡುಗ ಹೇಗೆ ಅಂತ ಅವರು ಕೇಳಿದಾಗ ಗಂಗಹನುಮಕ್ಕ ಬಹಳ ಯೋಚಿಸಿ, ಸುಳ್ಳಲ್ಲದ ಒಂದೇ ಮಾತು ಹೇಳಿದಳು. "ಹೇಳಿದ ಮಾತು ಒಂದಕ್ಷರ ಮೀರೋನಲ್ಲ ಮೇಷ್ಟ್ರೇ." ಜೀವಮಾನವೆಲ್ಲ ಹುಡುಗರಿಗೆ 'ನಿಲ್ಲು, ತಿರುಗು, ನಡೆ' ಅಂತ ಕೂಗಿದ್ದ ಮೇಷ್ಟ್ರಿಗೆ ಈ ಗುಣ ಬಹಳ ಹಿಡಿಸಿತು.

ಆದರೂ ಒಂದು ಪರೀಕ್ಷೆ ಇಟ್ಟರು. ಮೇಷ್ಟ್ರಿಗೆ ಆಟಗಾರರ ಕಾರ್ಡಿನ ಹುಚ್ಚು. ಹಿಂದೆ ಒಂದು ಟೀಪುಡಿ ಕಂಪನಿಯವರು ಪ್ರತಿ ಪೊಟ್ಟಣದಲ್ಲೂ ಅಂಗೈಯಗಲದ ಒಂದು ರಟ್ಟಿನ ಕಾರ್ಡು ಇಡುತ್ತಿದ್ದರು. ಮುಂದುಗಡೆ ಒಬ್ಬ ಆಟಗಾರನ ಬಣ್ಣದ ಚಿತ್ರ, ಕೆಳಗೆ ಹೆಸರು, ಹಿಂದುಗಡೆ ಖಾಲಿ. ಕುಸ್ತಿಯವರು, ಓಟದವರು, ಹಾಕಿಯವರು, ಕ್ರಿಕೆಟ್ಟಿನವರು ಎಲ್ಲರೂ ಅದರಲ್ಲಿದ್ದರು. ಕಂಪನಿ ಮುಚ್ಚಿತು, ಟೀ ಮರೆತುಹೋಯಿತು, ಕಾರ್ಡಿಗೆ ಮಾತ್ರ ಬೆಲೆ ಬಂತು. ತಿಪಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಛತ್ರದಲ್ಲಿ ತಿಂಗಳ ಮೊದಲ ಭಾನುವಾರ ಹೊರಗಿನ ಊರುಗಳಿಂದ ಬಂದವರ ಕಾರ್ಡಿನ ಸಂತೆ ಸೇರುತ್ತಿತ್ತು. ಮೀಸೆ ನರೆತ ಗಂಡಸರು ಮೇಜಿನ ಮೇಲೆ ಬಾಗಿ, ಭೂತಗನ್ನಡಿ ಹಿಡಿದು, ಟೀಪುಡಿಯ ಜೊತೆ ಪುಕ್ಕಟೆ ಬಂದಿದ್ದ ರಟ್ಟಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಿದ್ದರು. ಅಲ್ಲಿ ಬೈಲಪ್ಪನಿಗಿಂತ ಜಾಣರು ಎಷ್ಟಿದ್ದರೋ, ಹೇಳುವುದು ಕಷ್ಟ.

ಮೇಷ್ಟ್ರ ಹತ್ತಿರ ಇಡೀ ಕಟ್ಟು ಇತ್ತು. ಇಲ್ಲದಿದ್ದದ್ದು ಒಂದೇ, ಹಾಕಿ ಗೋಲ್‌ಕೀಪರ್ ಅಂತೋಣಪ್ಪನದು. ಹುಡುಗನಾಗಿದ್ದಾಗ ಒಮ್ಮೆ ಅದೇ ಅಂತೋಣಪ್ಪನ ಮೇಲೆ ಮೇಷ್ಟ್ರು ಆಡಿದ್ದರು, ಹೊಡೆದ ಒಂದು ಚೆಂಡೂ ಒಳಗೆ ಹೋಗಿರಲಿಲ್ಲ. ಆವತ್ತಿನಿಂದ ಅವನ ಮೇಲೆ ಭಕ್ತಿ. ಈ ಭಕ್ತಿ ಸಂತೆಯವರಿಗೆಲ್ಲ ಗೊತ್ತಾಗಿ, ಮೇಷ್ಟ್ರ ಮುಖ ಬಾಗಿಲಲ್ಲಿ ಕಂಡರೆ ಸಾಕು, ಎಲ್ಲ ಕಾರ್ಡಿನ ಬೆಲೆಯೂ ಏರುತ್ತಿತ್ತು. ಅದಕ್ಕೇ ಅವರು ಹೇಳಿದ್ದು ಇಷ್ಟು. ಸಂತೆಯಲ್ಲಿ ಯಾರಿಗೂ ಗೊತ್ತಿಲ್ಲದ ಮುಖ ನಿಮ್ಮ ಹುಡುಗನದು, ಸಂತೆಗೆ ಹೋಗಿ ಒಳ್ಳೆಯ ಕಾರ್ಡು ಅಗ್ಗಕ್ಕೆ ತಂದು ತೋರಿಸಲಿ, ಸಂಸಾರ ನಡೆಸೋ ಬುದ್ಧಿ ಇದೆ ಅಂತ ತಿಳಿದುಕೊಳ್ಳುತ್ತೇನೆ. ಅಂತೋಣಪ್ಪನನ್ನೇ ತಂದರೆ ಮರುಮಾತಿಲ್ಲ, ಲಗ್ನಪತ್ರಿಕೆ ಬರೆಸೋಣ.

ಮೊದಲ ಭಾನುವಾರ ಬಂತು. ಗಂಗಹನುಮಕ್ಕ ಮಗನಿಗೆ ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಸಿ, ವ್ಯಾಪಾರದ ಗುಟ್ಟು ಹೇಳಿಕೊಟ್ಟಳು. ಹೇಳಿದ ಬೆಲೆಗೆ ತಲೆಯಾಡಿಸಬೇಡ, ಯಾವುದಾದರೂ ಸರಿ, ಅರ್ಧಕ್ಕೆ ಕೇಳು.

ಬೈಲಪ್ಪ ಹೋದ. ಮೊದಲ ಮೇಜು ಕಲ್ಲೇಶಿ ಅನ್ನುವವನದು. ಸಂತೆಯಲ್ಲಿ ಅವನದೇ ದೊಡ್ಡ ವ್ಯಾಪಾರ, ಬಾಯಿಯೂ ದೊಡ್ಡದು. ಬೈಲಪ್ಪ ಒಬ್ಬ ಕ್ರಿಕೆಟ್ ಆಟಗಾರನ ಕಾರ್ಡು ತೋರಿಸಿ ಅರ್ಧಕ್ಕೆ ಕೊಡಿ ಅಂದ. ಕಲ್ಲೇಶಿ ಆಣೆ ಇಟ್ಟ, ಹಣೆ ಚಚ್ಚಿಕೊಂಡ, ಹೆಂಡತಿ ಮಕ್ಕಳ ಹೆಸರೆತ್ತಿದ. ಬೈಲಪ್ಪನದು ಒಂದೇ ಮಾತು, ಅರ್ಧಕ್ಕೆ ಕೊಡಿ. ಕಡೆಗೆ ಬೋಣಿ ಹೊತ್ತು ಅಂತ ಕಲ್ಲೇಶಿ ಒಪ್ಪಿ, ಆಯ್ತು, ಅರ್ಧಕ್ಕೇ ತಗೋ ಅಂತ ಕಾರ್ಡು ಕೈಗಿಟ್ಟ. ಬೈಲಪ್ಪ ಸೊಂಟದಿಂದ ಅಡಕತ್ತರಿ ತೆಗೆದು ಕಾರ್ಡನ್ನು ಕಚಕ್ಕನೆ ಎರಡು ಮಾಡಿದ. ಮೇಲಿನ ಅರ್ಧ ಜೇಬಿಗಿಟ್ಟುಕೊಂಡು, ಕಾಲಿನ ಕಡೆ ನಿಮಗೇ ಇರಲಿ ಅಂತ ಕೆಳಗಿನ ಅರ್ಧವನ್ನು ಮೇಜಿನ ಮೇಲಿಟ್ಟ. ಕಲ್ಲೇಶಿ ಪೂರ್ತಿ ಬೆಲೆ ಕಿತ್ತುಕೊಂಡು ಕುತ್ತಿಗೆ ಹಿಡಿದು ಹೊರಗಟ್ಟಿದ.

ಮನೆಯಲ್ಲಿ ಗಂಗಹನುಮಕ್ಕ ಸೊಂಟದಿಂದ ಕೆಳಗೆ ಏನೂ ಇಲ್ಲದ ಬ್ಯಾಟ್ಸ್‌ಮನ್ನನ್ನು ನೋಡಿದಳು. ರನ್ನು ಓಡೋದಕ್ಕೆ ಇವನಿಗೆ ಕಾಲು ಯಾರು ಕೊಡ್ತಾರೆ, ನೀನಾ ಅಂದಳು.

"ನೀನೇ ಅಂದ್ಯಲ್ಲವ್ವ, ಅರ್ಧಕ್ಕೆ ಕೇಳು ಅಂತ."

"ನಿನ್ನ ತಲೇಲಿರೋದು ಮಿದುಳಲ್ಲ ಕಣೋ, ಬೂಸ. ಅರ್ಧ ಬೆಲೆಗೆ ಅಂದದ್ದು. ಹಾಳಾಗಿ ಹೋಗಲಿ, ಇನ್ನು ಬೆಲೆ ಮಾತು ಎತ್ತಲೇಬೇಡ. ಮೊದಲು ನಾಲ್ಕೂ ಮೂಲೆ ನೋಡು. ಮೂಲೆ ಕೆಟ್ಟಿದ್ರೆ ಎದುರಿಗೇ ಹೇಳು. ಆಗ ತಾವಾಗಿ ಬೆಲೆ ಇಳಿಸ್ತಾರೆ."

ಕಾರ್ಡಿನ ಮೂಲೆ ಸವೆದರೆ ಬೆಲೆ ಬೀಳುತ್ತದೆ ಅನ್ನುವುದನ್ನು ಮೇಷ್ಟ್ರು ಅವಳಿಗೆ ಹೇಳಿದ್ದರು. ಅವಳು ಮಗನಿಗೆ ಹೇಳಿದಳು. ನಡುವೆ 'ಕಾರ್ಡಿನ' ಅನ್ನುವ ಒಂದು ಮಾತು ಬಿಟ್ಟುಹೋಯಿತು. ಬೇರೆಯವರ ಮಕ್ಕಳಿಗಾದರೆ ಅಷ್ಟು ಸಾಕಾಗುತ್ತಿತ್ತು.

ಎರಡನೇ ತಿಂಗಳು ಬೈಲಪ್ಪ ಛತ್ರದೊಳಗೆ ಹೋದವನೇ ಯಾವ ಮೇಜಿನ ಕಡೆಗೂ ತಿರುಗಲಿಲ್ಲ. ಸೀದಾ ಛತ್ರದ ಒಂದು ಮೂಲೆಗೆ ಹೋಗಿ ಕೂತು ನೋಡಿದ, ಜೇಡರ ಬಲೆ. ಇನ್ನೊಂದು ಮೂಲೆಗೆ ಹೋದ, ಯಾರದೋ ಮದುವೆಯ ಒಣಗಿದ ಬಾಳೆಕಂದು. ಮೂರನೆಯದರಲ್ಲಿ ಛತ್ರದ ಕಾವಲಿನವನು ಮಲಗಿದ್ದ, ಅವನನ್ನು ಎಬ್ಬಿಸಿ ಆಚೆ ಸರಿಸಿ ನೋಡಿದ. ನಾಲ್ಕನೆಯದರಲ್ಲಿ ಎಲೆಯಡಿಕೆ ಉಗಿದಿದ್ದರು. ಬೈಲಪ್ಪ ನಡು ಹಾಲಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ, ಮೂಲೆ ಯಾವುದೂ ಸರಿಯಾಗಿಲ್ಲ, ಒಂದರಲ್ಲಂತೂ ಉಗಿದಿದ್ದಾರೆ, ಎಲ್ಲರೂ ಬೆಲೆ ಇಳಿಸಿ ಅಂದ. ನಿದ್ದೆ ಕೆಟ್ಟ ಕಾವಲಿನವನು ಪೊರಕೆ ತಂದು ಕೈಗೆ ಕೊಟ್ಟು, ಅಷ್ಟು ನೋವಾದರೆ ನೀನೇ ಗುಡಿಸು ಅಂದ. ಬೈಲಪ್ಪ ಗುಡಿಸಿದ. ಯಾವ ಕೆಲಸವನ್ನೂ ಅರೆಬರೆ ಮಾಡುವವನಲ್ಲ ಅವನು. ವರ್ಷಗಳ ಧೂಳು ಎದ್ದು, ಭೂತಗನ್ನಡಿಗಳ ಮೇಲೆ, ಕಾರ್ಡುಗಳ ಮೇಲೆ, ಕಲ್ಲೇಶಿಯ ಕಾಫಿಯ ಮೇಲೆ ಕೂತಿತು. ಎಲ್ಲರೂ ಸೇರಿ ಅವನನ್ನು ಪೊರಕೆ ಸಮೇತ ಹೊರಗೆ ಹಾಕಿದರು.

ಅಮ್ಮನ ಕೈಗೆ ಅವನು ಪೊರಕೆ ಕೊಟ್ಟ. ಅವಳು ಅದನ್ನು ತಿರುಗಿಸಿ ಹಿಡಿದು ಅವನ ಬೆನ್ನಿಗೇ ಎರಡು ಬಿಟ್ಟಳು.

"ನೀನೇ ಅಂದ್ಯಲ್ಲವ್ವ, ನಾಲ್ಕೂ ಮೂಲೆ ನೋಡು ಅಂತ."

"ಕಾರ್ಡಿನ ಮೂಲೆ ಕಣೋ, ಕಾರ್ಡಿಂದು. ನಿನ್ನ ತಲೇಲಿರೋದು ಬೂಸ ಅಂದ್ರೆ ಬೂಸಕ್ಕೇ ಅವಮಾನ, ಅದನ್ನ ಎಮ್ಮೆ ಆದರೂ ತಿನ್ನುತ್ತೆ." ಸಿಟ್ಟು ಇಳಿದ ಮೇಲೆ ಬುದ್ಧಿ ಹೇಳಿದಳು. ಇನ್ನು ಮೇಲೆ ಒಂದೊಂದು ಕಾರ್ಡನ್ನೂ ಕೈಗೆ ತಗೊಂಡು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡು.

ಹೇಳಿ ಮುಗಿಸುವಾಗಲೇ ಅವಳಿಗೆ ಒಳಗೆ ಏನೋ ಚುರುಕ್ಕೆಂದಿತು. ಆದರೆ ಅಷ್ಟರಲ್ಲಿ ಯಾರೋ ಅಕ್ಕಿ ಬೀಸಿಸಲು ಬಂದು ಕೂಗಿದರು, ಅವಳು ಎದ್ದು ಹೋದಳು.

ಮೂರನೇ ತಿಂಗಳು ಬೈಲಪ್ಪ ಅಡಿಗೆಮನೆಯ ಹರಳೆಣ್ಣೆ ಬಾಟಲಿ ಜೇಬಿಗಿಟ್ಟುಕೊಂಡು ಹೋದ. ಕಲ್ಲೇಶಿಯ ಮೇಜಿನ ಮುಂದೆ ನಿಂತು, ಸೂರು ನೋಡಿಕೊಂಡು, ಎರಡೂ ಕಣ್ಣಿಗೆ ಎಣ್ಣೆ ಹುಯ್ದುಕೊಂಡ. ಆಮೇಲೆ ಅವನಿಗೆ ಕಾರ್ಡೂ ಕಾಣಲಿಲ್ಲ, ಕಲ್ಲೇಶಿಯೂ ಕಾಣಲಿಲ್ಲ. ಕಣ್ಣು ಉಜ್ಜಿಕೊಂಡ ಕೈಯಲ್ಲೇ ಒಂದೊಂದು ಕಾರ್ಡು ತೆಗೆದು ಮೂಗಿನ ಹತ್ತಿರ ಹಿಡಿದ. ಓಟಗಾರರ ಒಂದು ಕಟ್ಟು ಪೂರಾ ಎಣ್ಣೆ ಕುಡಿದು ಕಜ್ಜಾಯದ ಹಾಗಾಯಿತು. ಈ ಕಡೆಯಿಂದ ನೋಡಿದರೆ ಆ ಕಡೆ ಕಾಣುತ್ತಿತ್ತು. ಕಲ್ಲೇಶಿಗೆ ಈ ಸಲ ಕೂಗಲೂ ತ್ರಾಣವಿರಲಿಲ್ಲ. ನಿನ್ನ ಮನೆಯವರು ಯಾರಾದರೂ ನನ್ನ ಮೇಲೆ ಹಗೆ ಸಾಧಿಸಲು ನಿನ್ನನ್ನು ಕಳಿಸುತ್ತಿದ್ದಾರಾ ಅಂತ ಕೇಳಿದ. ಹೌದು, ನಮ್ಮವ್ವ ಕಳಿಸ್ತಾಳೆ ಅಂದ ಬೈಲಪ್ಪ.

ಎಣ್ಣೆಗೆ ದಂಡ ತೆತ್ತು ಬಂದ ಮೇಲೆ ಗಂಗಹನುಮಕ್ಕ ಬಯ್ಯಲಿಲ್ಲ. ಊದಿಕೊಂಡ ಅವನ ಕಣ್ಣಿಗೆ ತಣ್ಣೀರು ಬಟ್ಟೆ ಇಟ್ಟು, ಗೋಡೆಗೊರಗಿ ಕೂತಳು. ಗುಬ್ಬಿಯ ಹುಡುಗಿಯನ್ನು ಒಂದೇ ಸಲ ನೋಡಿದ್ದಳು. ಚುರುಕಾದ ಹುಡುಗಿ, ತೂಕದ ಕಲ್ಲು ನೋಡಿದ ಕೂಡಲೇ ಎಷ್ಟು ಸವೆದಿದೆ ಅಂತ ಹೇಳುವಂಥವಳು. ಅಂಥವಳು ಮನೆಗೆ ಬಂದರೆ ಮಿಷಿನ್ನನ್ನು ಅವಳ ಕೈಗೆ ಕೊಟ್ಟು, ಮಗನನ್ನು ಅವಳ ಕಣ್ಗಾವಲಿಗೆ ಬಿಟ್ಟು, ತಾನು ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು. ತಾನಿಲ್ಲದ ದಿನ ಈ ದಡ್ಡನಿಗೆ ಅನ್ನ ತಿನ್ನು ಅಂತ ಯಾರು ಹೇಳುತ್ತಾರೆ, ಸಾಕು ನಿಲ್ಲಿಸು ಅಂತ ಯಾರು ಹೇಳುತ್ತಾರೆ. ಈ ಯೋಚನೆ ಬಂದಾಗ ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

"ಕೇಳಿಸ್ಕೋ. ಇದೇ ಕಡೇ ಸಲ. ನಿನಗೆ ಬೇಕು ಅನ್ನೋದು ಅವರಿಗೆ ಗೊತ್ತಾಗಬಾರದು. ಮುಖ ತೋರಿಸಬೇಡ. ಏನು ಕೊಟ್ರೂ, ಇದೇನು ಕಸ ಅನ್ನು. ತಿಳೀತಾ?"

"ತಿಳೀತವ್ವ."

ತಿಳಿಯಿತು ಅಂದಾಗಲೇ ಅವಳಿಗೆ ಹೆದರಿಕೆ ಜಾಸ್ತಿ.

ನಾಲ್ಕನೇ ತಿಂಗಳು ಬೈಲಪ್ಪ ಹಿಟ್ಟಿನ ಚೀಲವೊಂದನ್ನು ತಲೆಯ ಮೇಲಿಂದ ಕುತ್ತಿಗೆಯವರೆಗೆ ಹಾಕಿಕೊಂಡು ಛತ್ರಕ್ಕೆ ಹೋದ. ಮುಖ ತೋರಿಸಬಾರದಲ್ಲ. ಮೇಜಿನಿಂದ ಮೇಜಿಗೆ ತಡವರಿಸಿಕೊಂಡು ಹೋಗಿ, ಸಿಕ್ಕಿದ ಕಾರ್ಡು ಮುಟ್ಟಿ, ಇದೇನು ಕಸ, ಇದೇನು ಕಸ ಅನ್ನುತ್ತಾ ಬಂದ. ಮೊದಮೊದಲು ಜನ ನಕ್ಕರು. ಆಮೇಲೆ, ಚೀಲದೊಳಗಿಂದ ಬರುವ ಮಾತಿಗೆ ಏನೋ ಒಂದು ಗತ್ತು ಇರುತ್ತದೆ ನೋಡಿ, ಕೊಳ್ಳಲು ಬಂದವರು ಕೈಯಲ್ಲಿದ್ದ ಕಾರ್ಡನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ತುಮಕೂರಿನಿಂದ ಬಂದಿದ್ದ ಒಬ್ಬ ದೊಡ್ಡ ಗಿರಾಕಿ, ಕಾರ್ಡಿನ ವಿಷಯ ಗೊತ್ತಿರುವವನು ಯಾರೋ ವೇಷ ಮರೆಸಿಕೊಂಡು ಬಂದು ಹೇಳುತ್ತಿರಬೇಕು ಅಂತ ಕಲ್ಲೇಶಿಯ ಮೇಜಿನ ಮೇಲೆ ಕಾರ್ಡು ಇಟ್ಟು ಎದ್ದೇ ಹೋದ.

ಕಲ್ಲೇಶಿಗೆ ಆ ದನಿ ಗೊತ್ತಾಯಿತು. ಮೇಜಿನ ಕೆಳಗಿನ ಕಸದ ಬುಟ್ಟಿಯನ್ನು ಎಳೆದು ಚೀಲದ ಕೈಗೆ ತುರುಕಿ, ಕಸ ತಾನೆ ನಿನಗೆ ಬೇಕಾದ್ದು, ತಗೊಂಡು ತೊಲಗು, ದುಡ್ಡೂ ಬೇಡ ಅಂದ.

ಬೈಲಪ್ಪ ಬುಟ್ಟಿ ಹೊತ್ತುಕೊಂಡು ಮನೆಗೆ ಬಂದ. ಕಡಲೆಕಾಯಿ ಸಿಪ್ಪೆ, ಬೀಡಿ ತುಂಡು, ಹಳೇ ಟೀ ಪೊಟ್ಟಣದ ಹೊದಿಕೆಗಳು. ಗಂಗಹನುಮಕ್ಕ ಬುಟ್ಟಿಯನ್ನು ತಿಪ್ಪೆಗೆ ಸುರಿಯಹೋದಳು. ಒಂದು ಪೊಟ್ಟಣದ ಒಳಪದರಕ್ಕೆ ಅಂಟಿಕೊಂಡು ಏನೋ ಗಟ್ಟಿಯಾಗಿ ಕೈಗೆ ತಾಗಿತು. ಬಿಡಿಸಿ ನೋಡಿದಳು. ಕಾಲಿಗೆ ದಪ್ಪ ದಿಂಬು ಕಟ್ಟಿಕೊಂಡು, ಎರಡೂ ಕೈ ಅಗಲಿಸಿ, ಬನ್ನಿ ನೋಡೋಣ ಅನ್ನುವ ಹಾಗೆ ನಿಂತಿದ್ದ ಮನುಷ್ಯ. ಕೆಳಗೆ ಹೆಸರು, ಗೋಲ್‌ಕೀಪರ್ ಅಂತೋಣಪ್ಪ. ಪೊಟ್ಟಣದೊಳಗೇ ಇದ್ದದ್ದರಿಂದ ಒಂದು ಗೀರು ಕೂಡ ಆಗಿರಲಿಲ್ಲ. ಸಂತೆಯ ಭೂತಗನ್ನಡಿಗಳೆಲ್ಲ ಸೇರಿ ವರ್ಷಗಟ್ಟಲೆ ಹುಡುಕಿದ್ದು ಕಲ್ಲೇಶಿಯ ಕಾಲ ಕೆಳಗೇ ಇತ್ತು.

ಗಂಗಹನುಮಕ್ಕನಿಗೆ ಬೈಲಪ್ಪನನ್ನು ಹೊಗಳಬೇಕು ಅನ್ನಿಸಿತು, ಆದರೆ ಅಭ್ಯಾಸವಿರಲಿಲ್ಲ. ಎರಡು ರಟ್ಟಿನ ನಡುವೆ ಕಾರ್ಡನ್ನು ಇಟ್ಟು, ದಾರ ಸುತ್ತಿ, ದೇವರ ಗೂಡಿನಲ್ಲಿಟ್ಟಳು. ಮನೆಮನೆಗೆ ಫೋನು ಇಲ್ಲದ ಕಾಲ. ಗಿರಣಿಗೆ ಜನ ಬಂದು ಕೂತಿದ್ದರು. ಹೋಗುತ್ತಾ ಮಗನಿಗೆ ಹೇಳಿದಳು. "ಅಂತೋಣಪ್ಪ ಸಿಕ್ಕಿದಾನೆ, ಬರೋ ಭಾನುವಾರ ಬರ್ತೀವಿ ಅಂತ ಮೇಷ್ಟ್ರಿಗೆ ಒಂದು ಕಾರ್ಡು ಹಾಕಿಬಿಡು."

ಸಂಜೆ ಕೇಳಿದಳು. ಹಾಕಿದೆ ಅಂದ. ಏನು ಬರೆದೆ ಅಂತ ಕೇಳಿದಳು. ನೀನು ಹೇಳಿದ್ದನ್ನೇ ಬರೆದೆ, ವಿಳಾಸ ಬರೆದೆ, ಸ್ಟಾಂಪು ಅಂಟಿಸಿದೆ, ಕೆಂಪು ಡಬ್ಬಕ್ಕೆ ಹಾಕಿದೆ ಅಂದ. ಒಂದು ಕೆಲಸವಾದರೂ ಸರಿಯಾಗಿ ಮಾಡಿದನಲ್ಲ ಅಂತ ಅವಳು ಆ ರಾತ್ರಿ ಅವನಿಗೆ ಎರಡು ಚಮಚ ತುಪ್ಪ ಜಾಸ್ತಿ ಹಾಕಿದಳು.

ಭಾನುವಾರ ತಾಯಿ ಮಗ ರೈಲು ಹತ್ತಿ ಗುಬ್ಬಿಗೆ ಹೋದರು. ದಾರ ಸುತ್ತಿದ ರಟ್ಟು ಗಂಗಹನುಮಕ್ಕನ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಅಲ್ಲಿ ಯಾರು ಏನು ಕೇಳಿದರೂ ಬಾಯಿ ಬಿಡಬೇಡ ಅಂತ ಮಗನಿಗೆ ಹೇಳಿದ್ದಳು, ಅವನು ತುಟಿ ಒತ್ತಿ ಹಿಡಿದುಕೊಂಡಿದ್ದ.

ಮೇಷ್ಟ್ರು ಬಿಳೀ ಪ್ಯಾಂಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಒಳಗಿಂದ ಶಾವಿಗೆ ಪಾಯಸದ ಘಮ. ಸ್ಟೂಲಿನ ಮೇಲೆ ಕಾರ್ಡಿನ ಆಲ್ಬಮ್ಮು ತೆರೆದಿತ್ತು, ಅದರಲ್ಲಿ ಒಂದು ಜಾಗ ಖಾಲಿ. ಕೂರಿಸಿದವರೇ ಮೇಷ್ಟ್ರು ಹೇಳತೊಡಗಿದರು. ಶುಕ್ರವಾರ ಪೋಸ್ಟಿನವನು ಬಂದನಂತೆ. ಕನ್ನಡಕ ಒಳಗಿತ್ತಂತೆ, ಅವನಿಗೇ ಓದು ಅಂದರಂತೆ. ಅಂತೋಣಪ್ಪ ಸಿಕ್ಕಿದಾನೆ ಅಂತ ಅವನು ಓದುತ್ತಿದ್ದ ಹಾಗೇ ಕಾಗದ ಕಿತ್ತುಕೊಂಡು, ಎಂದಿನ ಹಾಗೆ ಬಾಗಿಲ ಪಕ್ಕದ ಕಾಗದದ ತಂತಿಗೆ ಚುಚ್ಚಿ, ಮಗಳಿಗೆ ಶಾವಿಗೆ ತರಲು ತಾವೇ ಅಂಗಡಿಗೆ ಓಡಿದರಂತೆ. ಈ ವಯಸ್ಸಿನಲ್ಲಿ ಓಡಿದೆ ಗಂಗಹನುಮಕ್ಕ ಅಂದರು.

ಅವಳು ರಟ್ಟನ್ನು ಮುಂದಿಟ್ಟಳು. ಮೇಷ್ಟ್ರು ಕೈ ಒರೆಸಿಕೊಂಡು ದಾರ ಬಿಚ್ಚಿದರು. ಮೇಲಿನ ರಟ್ಟು ತೆಗೆದರು, ಕೆಳಗಿನ ರಟ್ಟಿತ್ತು. ಅದನ್ನೂ ತೆಗೆದರು, ಸ್ಟೂಲಿತ್ತು.

ಗಂಗಹನುಮಕ್ಕ ಮಗನ ಕಡೆ ತಿರುಗಿದಳು. ಕಾರ್ಡೆಲ್ಲಿ ಅಂತ ಕೇಳಿದಳು. ಅವನು ತುಟಿ ಒತ್ತಿಕೊಂಡು ಸುಮ್ಮನಿದ್ದ. ಬಾಯಿ ಬಿಡೋ ಅಂದಳು. ಬೈಲಪ್ಪ ಬಾಯಿ ಅಗಲಕ್ಕೆ ತೆರೆದ. ಮಾತಾಡೋ ಅಂದ ಮೇಲೆ ಮಾತಾಡಿದ.

"ಹಾಕಿದೆನಲ್ಲವ್ವ. ಮೇಷ್ಟ್ರಿಗೆ ಒಂದು ಕಾರ್ಡು ಹಾಕು ಅಂದೆ. ಮನೇಲಿದ್ದ ಪೂರ್ತಿ ಕಾರ್ಡು ಅದೊಂದೇ. ಹಿಂದುಗಡೆ ಖಾಲಿ ಇತ್ತು, ಬರೆದು ಹಾಕಿದೆ. ರಟ್ಟಿಗೆ ದಾರ ಮೊದಲಿನ ಹಾಗೇ ಸುತ್ತಿಟ್ಟೆ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಗಂಗಹನುಮಕ್ಕನಿಗೆ ಅರ್ಥವಾಗುವುದು ಬೇಕಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ವನಮಾಲಳಿಗೆ ಮೊದಲು ಹೊಳೆಯಿತು. ಅವಳು ಹೋಗಿ ತಂತಿಯಿಂದ ಮೇಲಿನ ಕಾಗದ ಕಳಚಿದಳು, ಕರೆಂಟು ಬಿಲ್ಲು. ಇನ್ನೊಂದು ಕಳಚಿದಳು, ಯಾರದೋ ಮದುವೆ ಪತ್ರಿಕೆ. ಅದರ ಕೆಳಗಿನದನ್ನು ಕಳಚಿ, ತಿರುಗಿಸಿ, ಅಪ್ಪನ ಮುಂದೆ ಇಟ್ಟಳು.

ಗೋಲ್‌ಕೀಪರ್ ಅಂತೋಣಪ್ಪ ಎರಡೂ ಕೈ ಅಗಲಿಸಿ ನಿಂತಿದ್ದ. ದಿಂಬಿನ ಮೇಲೆ ಗುಬ್ಬಿ ಪೋಸ್ಟಾಫೀಸಿನ ಕಪ್ಪು ಮುದ್ರೆ. ಎದೆಯ ನಡುವೆ, ತಂತಿ ತೂರಿದಷ್ಟು ದಪ್ಪಕ್ಕೆ, ತೂತು. ಜೀವಮಾನದಲ್ಲಿ ಒಂದು ಚೆಂಡನ್ನೂ ಒಳಗೆ ಬಿಡದವನು ಮೇಷ್ಟ್ರಿಗೆ ಇದೊಂದು ಗೋಲು ಬಿಟ್ಟುಕೊಟ್ಟಿದ್ದ.

ಮೇಷ್ಟ್ರು ಬೆರಳಿಟ್ಟು ಆ ತೂತನ್ನು ಮುಟ್ಟಿದರು. ಚುಚ್ಚಿದ್ದು ಯಾರು ಅನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಅವರ ಸಿಟ್ಟು ಇಮ್ಮಡಿಯಾಯಿತು. ಎದ್ದು ನಿಂತು, ಸ್ಕೂಲು ಮೈದಾನಕ್ಕೆಲ್ಲ ಕೇಳುತ್ತಿದ್ದ ಹಳೆಯ ದನಿಯಲ್ಲಿ ಬೈಲಪ್ಪನಿಗೆ ಹೇಳಿದರು.

"ಇನ್ನೊಂದು ಗಳಿಗೆ ನನ್ನ ಕಣ್ಣೆದುರಿಗೆ ನಿಲ್ಲಬೇಡ."

ಬೈಲಪ್ಪ ವಿಧೇಯನಾಗಿ ನಡೆದು ಹೋಗಿ ಮೇಷ್ಟ್ರ ಬೆನ್ನ ಹಿಂದೆ ನಿಂತ.

ಮೇಷ್ಟ್ರು ಹಿಂದಕ್ಕೆ ತಿರುಗಿದರು. ಅವನು ಸರಸರನೆ ಸುತ್ತಿಕೊಂಡು ಬಂದು ಮತ್ತೆ ಅವರ ಬೆನ್ನ ಹಿಂದಾದ. ಮೇಷ್ಟ್ರು ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ತಿರುಗಿದ ಕಡೆಯೆಲ್ಲ ಕಾಣುತ್ತಿದ್ದದ್ದು ಗೋಡೆ, ಕೇಳುತ್ತಿದ್ದದ್ದು ಹಿಂದೆ ಬೈಲಪ್ಪನ ಹೆಜ್ಜೆ. ಇಬ್ಬರೂ ಆಲ್ಬಮ್ಮಿನ ಸ್ಟೂಲಿನ ಸುತ್ತ ಗಾಣದೆತ್ತಿನ ಹಾಗೆ ಸುತ್ತತೊಡಗಿದರು.

ವನಮಾಲ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗಿ, ಎರಡು ಲೋಟ ಪಾಯಸ ತಂದು, ಒಂದನ್ನು ಗಂಗಹನುಮಕ್ಕನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ತಾನೂ ಪಕ್ಕದಲ್ಲಿ ಕೂತಳು. ಗಂಗಹನುಮಕ್ಕ ಬೇಡ ಅನ್ನಲಿಲ್ಲ. ಗುಬ್ಬಿಯಿಂದ ಹಿಂದಕ್ಕೆ ರೈಲು ಸಂಜೆಗಿತ್ತು, ಮೇಷ್ಟ್ರು ಇನ್ನೂ ಸುತ್ತುತ್ತಲೇ ಇದ್ದರು.